ನಿವೃತ್ತಿಯ ನಂತರ ಪುಣೆಯೋ, ಊರೋ?

ಹೊಟ್ಟೆಪಾಡಿಗೆಂದು ಹೊರನಾಡಿಗೆ ಬಂದ ಕನ್ನಡಿಗನಿಗೆ ಬದುಕಿನಲ್ಲಿ ಎರಡು ಸಲ ಒಂದೇ ಪ್ರಶ್ನೆ ಎದುರಾಗುತ್ತದೆ. ಇಪ್ಪತ್ತರ ಹರೆಯದಲ್ಲಿ "ಊರು ಬಿಡಲೇ?" ಎಂದು, ಅರುವತ್ತರಲ್ಲಿ "ಊರಿಗೆ ಮರಳಲೇ?" ಎಂದು. ಮೊದಲ ಸಲ ಹೊಟ್ಟೆಯೇ ಉತ್ತರ ಹೇಳಿತ್ತು. ಎರಡನೆಯ ಸಲ ಪಾಸ್‌ಬುಕ್ಕು, ಮನಸ್ಸು, ಮನೆಯಾಕೆ, ಮಕ್ಕಳು, ಡಾಕ್ಟರು ಎಲ್ಲರೂ ಸೇರಿ ಉತ್ತರ ಹೇಳಬೇಕಾಗುತ್ತದೆ. ಅದಕ್ಕೇ ಅದು ಕಷ್ಟ.

1970-80ರ ದಶಕಗಳಲ್ಲಿ ಪಿಂಪ್ರಿ-ಚಿಂಚ್‌ವಾಡದ ಕಾರ್ಖಾನೆಗಳಿಗೆ, ಖಡ್ಕಿ, ದೇಹುರೋಡಿನ ರಕ್ಷಣಾ ಇಲಾಖೆಗೆ, ರೈಲ್ವೆಗೆ, ಬ್ಯಾಂಕುಗಳಿಗೆ, ಹೋಟೆಲುಗಳಿಗೆ ಸೇರಿದ ನಮ್ಮವರ ತಲೆಮಾರು ನಿವೃತ್ತವಾಗಿದೆ, ಇಲ್ಲವೇ ನಿವೃತ್ತಿಯ ಅಂಚಿನಲ್ಲಿದೆ. ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಇದೇ ಮಾತು. "ಧಾರವಾಡದಲ್ಲಿ ಪ್ಲಾಟ್ ನೋಡಿದ್ದೇನೆ", "ಉಡುಪಿಯಲ್ಲಿ ಫ್ಲ್ಯಾಟ್ ಬುಕ್ ಮಾಡಿದೆ", "ವಿಜಯಪುರದ ಮನೆ ರಿಪೇರಿ ನಡೆದಿದೆ" ಎನ್ನುವವರು ಪ್ರತಿ ಸಾಲಿನಲ್ಲೂ ಸಿಗುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಪ್ರತಿ ನವೆಂಬರ್ ತಿಂಗಳು ಪಿಂಚಣಿದಾರರ ಹಯಾತಿ ಪ್ರಮಾಣಪತ್ರ ತೆಗೆದುಕೊಳ್ಳುವ ನನ್ನಂಥವನಿಗೆ, ಹೋದವರ ಕಥೆಯೂ ಗೊತ್ತು, ಹೋಗಿ ಬಂದವರ ಕಥೆಯೂ ಗೊತ್ತು. ಆ ಅನುಭವದ ನಾಲ್ಕು ಮಾತು ಇಲ್ಲಿವೆ.

ಇದು ನಮ್ಮೊಬ್ಬರ ಮಾತಲ್ಲ

ಗಳಿಸಿದ್ದು ದುಬಾರಿ ಊರಿನಲ್ಲಿ, ಖರ್ಚು ಮಾಡುವುದು ಅಗ್ಗದ ಊರಿನಲ್ಲಿ ಎಂಬ ಉಪಾಯ ಜಗತ್ತಿನಲ್ಲೆಲ್ಲ ಇದೆ. ಅಮೆರಿಕದವರು ಮೆಕ್ಸಿಕೋಗೆ, ಬ್ರಿಟನ್ನಿನವರು ಸ್ಪೇನಿಗೆ ಹೋಗಿ ನೆಲೆಸುತ್ತಾರೆ. ಥಾಯ್ಲೆಂಡ್ ಸರಕಾರ 50 ವರ್ಷ ದಾಟಿದ ವಿದೇಶೀಯರಿಗೆ ನಿವೃತ್ತಿ ವೀಸಾ ಕೊಡುತ್ತದೆ. ಅದಕ್ಕೆ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಮಲೇಶಿಯಾ 2002ರಲ್ಲಿ 'ಮಲೇಶಿಯಾ ನನ್ನ ಎರಡನೆಯ ಮನೆ' ಎಂಬ ಯೋಜನೆಯನ್ನೇ ತಂದಿತು.

ಆದರೆ ಅಲ್ಲಿಯೂ ತೊಡಕುಗಳಿವೆ. ಬ್ರಿಟನ್ನಿನ ಸರಕಾರಿ ಪಿಂಚಣಿ ಸ್ವದೇಶದಲ್ಲಿ ಇದ್ದವರಿಗೆ ವರ್ಷವರ್ಷ ಏರುತ್ತದೆ. ಥಾಯ್ಲೆಂಡಿಗೋ ಭಾರತಕ್ಕೋ ಬಂದು ನೆಲೆಸಿದವರಿಗೆ ಹೋದ ದಿನದ ಮೊತ್ತದಲ್ಲೇ ನಿಂತುಬಿಡುತ್ತದೆ. ನಮಗೆ ವೀಸಾದ ರಗಳೆಯಿಲ್ಲ, ರೂಪಾಯಿಯೂ ಒಂದೇ. ನಮ್ಮ 'ಅಗ್ಗದ ದೇಶ' ನಿಪ್ಪಾಣಿ ದಾಟಿದರೆ ಶುರು. ಹಾಗೆಂದು ಹೋಗುವುದು ಅಷ್ಟೇ ಸುಲಭವೆಂದು ತಿಳಿಯಬಾರದು.

ಲೆಕ್ಕ ಹೀಗಿದೆ

ನೌಕರಿಯಲ್ಲಿದ್ದಾಗ ದೊಡ್ಡ ಊರಿನ ಖರ್ಚಿಗೆಂದು ಮನೆಬಾಡಿಗೆ ಭತ್ಯೆ ಸಿಗುತ್ತದೆ. 7ನೇ ವೇತನ ಆಯೋಗದ ಪ್ರಕಾರ ಕೇಂದ್ರ ಸರಕಾರಿ ನೌಕರರಿಗೆ 2024ರ ಜನವರಿಯಿಂದ ಈ ಭತ್ಯೆ ಮೂಲವೇತನದ ಶೇ. 30, 20, 10 ಎಂದು ಮೂರು ದರ್ಜೆಯಲ್ಲಿ ನಿಗದಿಯಾಯಿತು. ಪುಣೆ ಮೊದಲ ದರ್ಜೆಯಲ್ಲಿದೆ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಎರಡನೆಯದರಲ್ಲಿ, ಸಣ್ಣ ಊರುಗಳು ಮೂರನೆಯದರಲ್ಲಿ. ಊರೂರಿನ ಖರ್ಚಿನ ಅಂತರವನ್ನು ಸರಕಾರವೇ ಒಪ್ಪಿಕೊಂಡಂತಾಯಿತು.

ನಿವೃತ್ತಿಯ ಮರುದಿನ ಈ ಭತ್ಯೆ ನಿಲ್ಲುತ್ತದೆ. ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆಯೇ ಹೊರತು ಊರಿನ ಭತ್ಯೆ ಸೇರುವುದಿಲ್ಲ. ಕೋಥ್ರೂಡಿನಲ್ಲಿ ಇರುವವನಿಗೂ ರೋಣದಲ್ಲಿ ಇರುವವನಿಗೂ ಅಷ್ಟೇ ಪಿಂಚಣಿ. ಆದ್ದರಿಂದ ದುಬಾರಿ ಊರಿನ ಭಾರ ನಿಜವಾಗಿ ತಿಳಿಯುವುದು ನಿವೃತ್ತಿಯ ನಂತರವೇ. ಉದಾಹರಣೆಗೆ, ಇಲ್ಲಿ 22,000 ರೂ. ಬಾಡಿಗೆ ಕೊಡುವವರು ಊರಲ್ಲಿ 10,000ಕ್ಕೆ ಮನೆ ಹಿಡಿದರೆ ವರ್ಷಕ್ಕೆ 1,44,000 ರೂ. ಉಳಿಯಿತು. ಪಿಂಚಣಿಯ ಮೇಲೆ ಬದುಕುವವರಿಗೆ ಅದು ಸಣ್ಣ ಮೊತ್ತವಲ್ಲ.

ಖಾಸಗಿ ಕಾರ್ಖಾನೆಯವರ ಪಾಡು ಇನ್ನೂ ಬಿಗಿ. ಭವಿಷ್ಯನಿಧಿಯ ಪಿಂಚಣಿಗೆ ತುಟ್ಟಿಭತ್ಯೆಯೇ ಇಲ್ಲ. ಅದರ ಕನಿಷ್ಠ ಮೊತ್ತ 1,000 ರೂ. ಎಂದು 2014ರಲ್ಲಿ ನಿಗದಿಯಾಯಿತು. ಹೋಟೆಲಿನ ಅಡುಗೆಮನೆಯಲ್ಲಿ ನಲವತ್ತು ವರ್ಷ ಬೆಂದ ಎಷ್ಟೋ ಜನರಿಗೆ ಅದೂ ಇಲ್ಲ. ಅವರಿಗೆ ಊರಿಗೆ ಮರಳುವುದು ಆಯ್ಕೆಯ ಮಾತಲ್ಲ, ಅನಿವಾರ್ಯ. ಊರಲ್ಲಿ ಕಾಯುತ್ತಿರುವುದು ಹಲವು ಸಲ ಅಣ್ಣತಮ್ಮಂದಿರ ನಡುವೆ ಪಾಲಾಗದ ಮನೆ. ಪ್ರತಿ ತಿಂಗಳು ಹಣ ಕಳಿಸಿ ಮಾಡು ಹೊದಿಸಿದವನು ಕೊನೆಗೆ ಆ ಮನೆಯಲ್ಲಿ ಅತಿಥಿಯಂತೆ ಜಗಲಿಯಲ್ಲಿ ಮಲಗಿದ್ದನ್ನು ಕಂಡಿದ್ದೇನೆ. ಕೈಕಾಲು ಗಟ್ಟಿ ಇರುವಾಗಲೇ ಪಾಲುಪಟ್ಟಿ ಮಾಡಿ ನೋಂದಾಯಿಸಿಕೊಳ್ಳುವುದು ಕ್ಷೇಮ.

ಮರಳಿದವರು, ಉಳಿದವರು

ದ. ರಾ. ಬೇಂದ್ರೆಯವರು ಓದಿದ್ದು ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಪ್ರಾಧ್ಯಾಪಕರಾಗಿದ್ದು, ನಿವೃತ್ತಿಯ ನಂತರ ಧಾರವಾಡದ ಸಾಧನಕೇರಿಗೆ ಮರಳಿದರು. ಅಂಥವರೂ 1981ರಲ್ಲಿ ಕೊನೆಯುಸಿರೆಳೆದದ್ದು ಮುಂಬಯಿಯಲ್ಲಿ. ಗದಗ ಸೀಮೆಯ ಭೀಮಸೇನ ಜೋಶಿಯವರು ಪುಣೆಯನ್ನೇ ಮನೆ ಮಾಡಿಕೊಂಡು 2011ರ ಜನವರಿಯಲ್ಲಿ ಇಲ್ಲಿಯೇ ತೀರಿಕೊಂಡರು. ಕಾರ್ಕಳ ಕಡೆಯಿಂದ ಹುಡುಗನಾಗಿ ಬಂದು ವೈಶಾಲಿ, ರೂಪಾಲಿ ಹೋಟೆಲುಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟರು 2023ರ ನವೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಪುಣೆಯವರಾಗಿಯೇ ಬಾಳಿದರು. ಮರಳಿದವರು ಮೇಲು, ಉಳಿದವರು ಕೀಳು ಎಂದಾಗಲಿ, ಅದರ ತಿರುಗುಮುರುಗಾಗಲಿ ಹೇಳಲು ಬರುವುದಿಲ್ಲ.

ಒಂದು ದಂಪತಿಯ ಸಂಗತಿ ಹೇಳುತ್ತೇನೆ. ಗಂಡ ಪಿಂಪ್ರಿಯ ಕಾರ್ಖಾನೆಯಿಂದ ನಿವೃತ್ತರಾದ ಆರೇ ತಿಂಗಳಲ್ಲಿ ಇಲ್ಲಿಯ ಫ್ಲ್ಯಾಟ್ ಮಾರಿ ಧಾರವಾಡಕ್ಕೆ ಹೋದರು. ಯಜಮಾನರಿಗೆ ಖುಷಿಯೋ ಖುಷಿ. ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯಲ್ಲಿ ನಡಿಗೆ, ಸಂಜೆ ವಿದ್ಯಾವರ್ಧಕ ಸಂಘದಲ್ಲಿ ಭಾಷಣ, ದಾರಿಯಲ್ಲಿ ಸಿಕ್ಕವರೆಲ್ಲ ಕನ್ನಡದವರು. ಅವರ ಮಡದಿಗೆ ಮಾತ್ರ ಊರು ಹತ್ತಲಿಲ್ಲ. ಮೂವತ್ತು ವರ್ಷದ ಭಿಶಿ ಗೆಳತಿಯರು, ಭಜನಿ ಮಂಡಳ, ಗಣೇಶ ಹಬ್ಬದ ಸೊಸೈಟಿ ಎಲ್ಲವೂ ಇಲ್ಲಿಯೇ ಉಳಿದಿದ್ದವು. ಐದನೆಯ ವರ್ಷ ಯಜಮಾನರು ತೀರಿಕೊಂಡರು. ಆಕೆ ಮಗನ ಬಳಿಗೆ ಪುಣೆಗೆ ಮರಳಿದರು. ಮಾರಿದ ಫ್ಲ್ಯಾಟಿನ ಬೆಲೆ ಅಷ್ಟರಲ್ಲಿ ಕೈಗೆ ನಿಲುಕದಷ್ಟಾಗಿತ್ತು. ಸ್ವಂತ ಮನೆಯ ಒಡತಿಯಾಗಿದ್ದವರು ಈಗ ಮಗನ ಎರಡು ಕೋಣೆಯ ಮನೆಯ ಹಾಲಿನಲ್ಲಿ ಮಲಗುತ್ತಾರೆ. ಮಗ ಸೊಸೆ ಒಳ್ಳೆಯವರೇ. ಆದರೂ ಕೌಂಟರಿನ ಮುಂದೆ ನಿಂತು ಅವರು ಹೇಳಿದ ಮಾತು ಮರೆಯಲಾಗದು: "ಹೋಗೂದು ಬ್ಯಾಡ ಅಂದಿದ್ದಿಲ್ರೀ ನಾನು. ಮನಿ ಮಾರೂದು ಬ್ಯಾಡ ಅಂದಿದ್ದೆ."

ಮಾರುವ ಮೊದಲು ವರ್ಷ ಕಾಯಿರಿ

ಹಾಗಾಗಿ ಮೊದಲ ಸಲಹೆ ಇದು: ಒಂದು ವರ್ಷ ಬಾಡಿಗೆ ಮನೆಯಲ್ಲಿದ್ದು ಊರನ್ನು ಪರೀಕ್ಷಿಸಿ. ಮಳೆಗಾಲ, ಬೇಸಿಗೆ ಎರಡನ್ನೂ ಕಾಣಿರಿ. ಅಲ್ಲಿಯವರೆಗೆ ಪುಣೆಯ ಮನೆಯನ್ನು 'ಲೀವ್ ಅಂಡ್ ಲೈಸೆನ್ಸ್' ಕರಾರಿನ ಮೇಲೆ ಕೊಡಬಹುದು. ಮಹಾರಾಷ್ಟ್ರದಲ್ಲಿ ಈ ಕರಾರಿನ ನೋಂದಣಿ ಕಡ್ಡಾಯ. ಸ್ಟ್ಯಾಂಪ್ ಖರ್ಚು ಉಳಿಸಲು ಹೋಗಿ ಸಂಕಟ ತಂದುಕೊಳ್ಳಬೇಡಿ. ಬಂದ ಬಾಡಿಗೆಯಲ್ಲಿ ಊರಿನ ಬಾಡಿಗೆ ಕೊಟ್ಟು ಎಷ್ಟೋ ಉಳಿಯುತ್ತದೆ.

ಮಾರುವುದೇ ನಿಶ್ಚಯವಾದರೆ ತೆರಿಗೆಯ ಲೆಕ್ಕ ಮೊದಲು ಮಾಡಿಸಿ. 2024ರ ಜುಲೈ 23ರ ನಂತರದ ಮಾರಾಟಕ್ಕೆ ದೀರ್ಘಾವಧಿ ಲಾಭದ ಮೇಲೆ ಶೇ. 12.5 ತೆರಿಗೆ. ಆ ದಿನಕ್ಕಿಂತ ಮೊದಲು ಕೊಂಡ ಮನೆಯಾದರೆ, ಬೆಲೆಯೇರಿಕೆಯನ್ನು ಕಳೆದು ಶೇ. 20ರ ಹಳೆಯ ಲೆಕ್ಕದಲ್ಲಿ ತೆರಿಗೆ ಕಡಿಮೆಯಾಗುವುದಿದ್ದರೆ ಅಷ್ಟೇ ಕಟ್ಟಿದರೆ ಸಾಕು. 2001ರ ಏಪ್ರಿಲ್‌ಗಿಂತ ಹಿಂದೆ ಕೊಂಡವರು ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆಯಾಗಿ ತೋರಿಸಬಹುದು. ಅದಕ್ಕೆ ಮೌಲ್ಯಮಾಪಕರ ವರದಿ ಮಾಡಿಸಿಟ್ಟುಕೊಳ್ಳಿ.

ಮಾರಿದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ತೆರಿಗೆ ವಿನಾಯಿತಿ ಇದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಲಾಭದಲ್ಲಿ ಎಷ್ಟು ಭಾಗ ಹೊಸ ಮನೆಗೆ ಹಾಕುತ್ತೇವೋ ಅಷ್ಟಕ್ಕೆ ಮಾತ್ರ ವಿನಾಯಿತಿ. ಪುಣೆಯಲ್ಲಿ ದೊಡ್ಡ ಲಾಭಕ್ಕೆ ಮಾರಿ ಊರಲ್ಲಿ ಸಣ್ಣ ಮನೆ ಕೊಂಡವರಿಗೆ ಉಳಿದ ಭಾಗದ ಮೇಲೆ ತೆರಿಗೆ ಬೀಳುತ್ತದೆ. ಅಗ್ಗದ ಊರಿಗೆ ಹೋಗುವವರು ಮರೆಯುವುದು ಇದನ್ನೇ. ಲಾಭ 2 ಕೋಟಿ ರೂ. ಒಳಗಿದ್ದರೆ ಜೀವಮಾನದಲ್ಲಿ ಒಮ್ಮೆ ಎರಡು ಮನೆಗಳಿಗೆ ಹಂಚಿ ಹಾಕಲು ಅವಕಾಶವಿದೆ. ಊರಲ್ಲೊಂದು, ಪುಣೆಯಲ್ಲೊಂದು ಸಣ್ಣದು ಎಂದು ಯೋಚಿಸುವವರಿಗೆ ಅನುಕೂಲ.

ಊರಲ್ಲಿ ಜಾಗ ಕೊಳ್ಳುವಾಗ ಎನ್.ಎ. ಆಗಿದೆಯೇ, ಗ್ರಾಮ ಪಂಚಾಯತಿಯಾದರೆ ಇ-ಸ್ವತ್ತಿನ ನಮೂನೆ 9, 11 ಇವೆಯೇ ನೋಡಿ. ತೋಟದ ಆಸೆಯಿದ್ದವರಿಗೆ 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಹಾಗೆಂದು ಎಲ್ಲ ಊರೂ ಅಗ್ಗವಲ್ಲ. 2008ರಲ್ಲಿ ಹೈಕೋರ್ಟ್ ಪೀಠ, 2016ರಲ್ಲಿ ಐಐಟಿ ಬಂದ ಮೇಲಿನ ಧಾರವಾಡ ನಮ್ಮ ಬಾಲ್ಯದ ಧಾರವಾಡವಲ್ಲ.

ಪಿಂಚಣಿ, ಠೇವಣಿ, ಕಾಗದಪತ್ರ

ಪಿಂಚಣಿ ವರ್ಗಾವಣೆಗೆ ಈಗ ಹಳೆಯ ಅಲೆದಾಟವಿಲ್ಲ. ಭವಿಷ್ಯನಿಧಿ ಪಿಂಚಣಿಯನ್ನು 2025ರ ಜನವರಿಯಿಂದ ದೇಶದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ಪಡೆಯಬಹುದು. ಹಯಾತಿ ಪ್ರಮಾಣಪತ್ರಕ್ಕೆ 2014ರಿಂದ 'ಜೀವನ ಪ್ರಮಾಣ' ಎಂಬ ಡಿಜಿಟಲ್ ವ್ಯವಸ್ಥೆಯಿದೆ. ಬೆರಳಚ್ಚು ಮೂಡದ ಹಿರಿಯರು ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 2023ರ ಏಪ್ರಿಲ್‌ನಿಂದ 30 ಲಕ್ಷ ರೂ. ಆಗಿದೆ, ಆ ಖಾತೆಯನ್ನೂ ಊರಿಗೆ ವರ್ಗಾಯಿಸಬಹುದು. ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗಿನ ಠೇವಣಿಗೆ ಮಾತ್ರ ವಿಮೆ ಇದೆ. ಹೆಚ್ಚಿನ ಬಡ್ಡಿಯ ಆಸೆಗೆ ಮನೆ ಮಾರಿದ ಹಣವನ್ನೆಲ್ಲ ಒಂದೇ ಸಣ್ಣ ಸಹಕಾರಿ ಸಂಸ್ಥೆಯಲ್ಲಿ ಇಡುವುದು ಜಾಣತನವಲ್ಲ.

ಇನ್ನೊಂದು ಮುಖ್ಯ ಮಾತು. ಖಾತೆ, ಮನೆ ಎರಡರಲ್ಲೂ ಹೆಂಡತಿಯ ಹೆಸರು ಸೇರಿಸಿ. ನಾಮಿನಿ ಎಂದರೆ ಹಣವನ್ನು ಪಡೆದುಕೊಳ್ಳುವವರು, ಅಷ್ಟೇ, ವಾರಸುದಾರರೆಂದು ಅರ್ಥವಲ್ಲ. ಮೃತ್ಯುಪತ್ರ ಬರೆದಿಡಲು ಸಂಕೋಚ ಬೇಡ.

ವಿಳಾಸ ಬದಲಾದರೆ ಸವಲತ್ತೂ ಬದಲಾಗುತ್ತದೆ. ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ 2022ರ ಆಗಸ್ಟ್‌ನಿಂದ 75 ದಾಟಿದವರಿಗೆ ಪ್ರಯಾಣ ಉಚಿತ. ಕರ್ನಾಟಕದ ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ. ಆದರೆ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಪುಣೆಯ ಆಧಾರ್ ತೋರಿಸಿದರೆ ಕಂಡಕ್ಟರ್ ಟಿಕೆಟ್ ಹರಿಯುತ್ತಾನೆ. ನಮ್ಮ ಎಂ.ಎಚ್. ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿಟ್ಟರೆ ಮರುನೋಂದಣಿ ಮಾಡಿಸಬೇಕು. ಹಳೆಯ ಸ್ಕೂಟರನ್ನು ಇಲ್ಲಿಯೇ ಮಾರಿ ಹೋಗುವುದು ಲೇಸು.

ಆಸ್ಪತ್ರೆ ಎಷ್ಟು ದೂರ?

ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜು ಇದೆ. ಬೆಳಗಾವಿಯಲ್ಲಿ ಕೆ.ಎಲ್.ಇ., ಧಾರವಾಡದ ಸತ್ತೂರಿನಲ್ಲಿ ಎಸ್.ಡಿ.ಎಂ. ಆಸ್ಪತ್ರೆಗಳಿವೆ. ಇವುಗಳ ಅರ್ಧ ತಾಸಿನ ದಾರಿಯಲ್ಲಿ ಮನೆ ಮಾಡಿದವರಿಗೆ ಚಿಂತೆ ಕಡಿಮೆ. ಆದರೆ ಹುಟ್ಟಿದ ಹಳ್ಳಿಯೇ ಬೇಕು ಎನ್ನುವವರು ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಯಾರ ಗಾಡಿ, ಯಾವ ಆಸ್ಪತ್ರೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ನಿಮ್ಮ ಆರೋಗ್ಯ ವಿಮೆಯ ನಗದುರಹಿತ ಪಟ್ಟಿಯಲ್ಲಿ ಆ ಆಸ್ಪತ್ರೆ ಇದೆಯೇ ಕೇಳಿ ತಿಳಿದುಕೊಳ್ಳಿ.

ಮಕ್ಕಳು ಬಂದು ಹೋಗುವ ದಾರಿಯೂ ಮುಖ್ಯ. 2024ರ ಸೆಪ್ಟೆಂಬರ್‌ನಲ್ಲಿ ಪುಣೆ-ಹುಬ್ಬಳ್ಳಿ ವಂದೇ ಭಾರತ್ ರೈಲು ಶುರುವಾದ ಮೇಲೆ ಉತ್ತರ ಕರ್ನಾಟಕದವರಿಗೆ ಹಗಲು ಪ್ರಯಾಣ ಸಲೀಸಾಗಿದೆ. 2020ರ ಮಾರ್ಚ್‌ನಲ್ಲಿ ರೈಲ್ವೆಯವರು ಹಿರಿಯ ನಾಗರಿಕರ ರಿಯಾಯಿತಿ ನಿಲ್ಲಿಸಿದ್ದರಿಂದ ಅಜ್ಜ ಅಜ್ಜಿ ಪೂರ್ತಿ ಟಿಕೆಟ್ ತೆಗೆಯಬೇಕಾಯಿತು, ಅದು ಬೇರೆ ಮಾತು.

ಮನೆಯಾಕೆಯನ್ನು ಕೇಳಿದಿರಾ?

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮಾತಾಡುವವರು ಗಂಡಸರು. ನಾನೂ ಇನ್ನೆರಡು ವರ್ಷಕ್ಕೆ ನಿವೃತ್ತನಾಗುವವ. ನಮ್ಮ ಮನೆಯಲ್ಲೂ ಈ ವಿಷಯ ಇತ್ಯರ್ಥವಾಗಿಲ್ಲ. ನನ್ನ ಹೆಂಡತಿ ಒಂದೇ ಮಾತು ಹೇಳುತ್ತಾಳೆ: "ನಿಮಗ ಅದು ಹುಟ್ಟಿದ ಊರು. ನನಗ ಅದು ಗಂಡನ ಊರು. ನಾ ಸಂಸಾರ ಕಟ್ಟಿದ್ದು ಪುಣ್ಯಾದಾಗ." ಅವಳ ಈ ಮಾತಿಗೆ ಪಿಂಚಣಿಯ ಲೆಕ್ಕ ಉತ್ತರವಾಗುವುದಿಲ್ಲ. ಮೊಮ್ಮಕ್ಕಳ ಪ್ರಶ್ನೆಯೂ ಇದೆ. ಅಜ್ಜ ಅಜ್ಜಿ ಊರಿಗೆ ಹೋದರೆ ಇಲ್ಲಿಯ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಮಾತಾಡಿಸುವವರು ಯಾರು? ಬೇರೆ ರೀತಿ ನೋಡಿದರೆ, ರಜೆಗೆ ಅವರನ್ನು ಕರೆಸಿಕೊಳ್ಳಲು ಊರಲ್ಲೊಂದು ಮನೆ ಇದ್ದರೆ ಅದೇ ಅವರಿಗೆ ಕನ್ನಡ ಶಾಲೆ.

ಮಧ್ಯದ ದಾರಿ ಹಿಡಿದವರೂ ನಮ್ಮಲ್ಲಿದ್ದಾರೆ. ಮಳೆಗಾಲದಿಂದ ದೀಪಾವಳಿವರೆಗೆ ಪುಣೆ, ಚಳಿಗಾಲದಿಂದ ಮಾವಿನ ಕಾಲದವರೆಗೆ ಊರು. ಕಾಲಲ್ಲಿ ಕಸುವು ಇರುವವರೆಗೆ ಇದು ನಡೆಯುತ್ತದೆ. ಆ ಮೇಲೆ ಎಲ್ಲಿ ನಿಲ್ಲಬೇಕು ಎಂಬುದನ್ನು ಇಬ್ಬರಲ್ಲಿ ಒಬ್ಬರೇ ಉಳಿದಾಗ ಯಾರು ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ನಿರ್ಧರಿಸಬೇಕು. ಅಗ್ಗ ತುಟ್ಟಿಯ ಮಾತು ಅದಕ್ಕಿಂತ ಎಷ್ಟೋ ಸಣ್ಣದು.

ಪುಣೆಯ ಕನ್ನಡ, ತುಳು ಸಂಘಟನೆಗಳಿಗೆ ಒಂದು ವಿನಂತಿ. ಸನ್ಮಾನ, ಸಾಂಸ್ಕೃತಿಕ ಕಾರ್ಯಕ್ರಮ, ಪ್ರತಿಭಾ ಪುರಸ್ಕಾರ ಎಲ್ಲವೂ ಬೇಕು. ಅದರ ಜೊತೆ ವರ್ಷಕ್ಕೊಂದು ಭಾನುವಾರ ನಿವೃತ್ತರಿಗಾಗಿ ಮೀಸಲಿಡಿ. ನಮ್ಮಲ್ಲೇ ಇರುವ ಒಬ್ಬ ಲೆಕ್ಕಪರಿಶೋಧಕರು, ಒಬ್ಬ ವಕೀಲರು, ಒಬ್ಬ ವೈದ್ಯರು, ಊರಿಗೆ ಹೋಗಿ ನೆಲೆಸಿದ ಒಂದು ದಂಪತಿ, ಹೋಗಿ ಮರಳಿ ಬಂದ ಒಂದು ದಂಪತಿ ಅಲ್ಲಿರಲಿ. ಯಜಮಾನರನ್ನು ಮಾತ್ರ ಕರೆಯದೆ ಮನೆಯಾಕೆಯರನ್ನೂ ಕರೆಯಿರಿ, ಮೊದಲ ಪ್ರಶ್ನೆ ಅವರೇ ಕೇಳಲಿ.