ಅಗ್ಗಿಷ್ಟಿಕೆಯಿಂದ ರಂಗಸ್ಥಳಕ್ಕೆ
ಐರ್ಲೆಂಡಿನ ಕಥೆಯೂ ಗಾನವೂ

ಯೂರೋಪ್ ಖಂಡದ ಪಶ್ಚಿಮದ ಅಂಚಿನಲ್ಲಿ ಐರ್ಲೆಂಡ್ ಎಂಬ ದ್ವೀಪವುಂಟು. ಅದರ ಪ್ರಾಚೀನ ಭಾಷೆಯು ಕೆಲ್ಟಿಕ್ ಭಾಷಾಕುಲಕ್ಕೆ ಸೇರಿದುದು. ಅಲ್ಲಿನ ಹಳ್ಳಿಗಳಲ್ಲಿ ಚಳಿಗಾಲದ ದೀರ್ಘರಾತ್ರಿಗಳಲ್ಲಿ ನೆರೆಹೊರೆಯವರು ಒಂದು ಮನೆಯಲ್ಲಿ ಕೂಡಿ, ಅಗ್ಗಿಷ್ಟಿಕೆಯ ಸುತ್ತ ಕುಳಿತು, ಕಥೆ ಕೇಳುವ ವಾಡಿಕೆಯಿದ್ದಿತು. ಕಥೆಗಾರನಿಗೆ ಅಲ್ಲಿ ಶ್ಯಾನಖಿ ಎಂದು ಹೆಸರು. ಕಥೆ ಮುಗಿದರೆ ಪಿಟೀಲು, ಪಿಟೀಲು ನಿಂತರೆ ಹಾಡು. ಆ ದೇಶದ ಪುರಾತನ ಕಥೆಗಳಂತೂ ಗದ್ಯದಲ್ಲಿ ನಡೆದು, ಭಾವವು ಉಕ್ಕುವ ಎಡೆಗಳಲ್ಲಿ ಪದ್ಯಕ್ಕೆ ತಿರುಗುತ್ತವೆ. ಚಂಪೂಕಾವ್ಯಗಳನ್ನು ಓದಿದ ನಮ್ಮವರಿಗೆ ಈ ಕ್ರಮವು ಅಪರಿಚಿತವೆನಿಸಲಾರದು.

ಗಾನದ ಪ್ರಭಾವವನ್ನು ಕುರಿತು ಆ ಜನರಲ್ಲಿ ಒಂದು ಪುರಾಣಕಥೆಯಿದೆ. ದಾಗ್ದನೆಂಬ ದೇವತೆಯ ಹಾರ್ಪ್ ವಾದ್ಯವನ್ನು ಶತ್ರುಗಳು ಅಪಹರಿಸಿದರು. ಅವನು ಅವರ ಭೋಜನಶಾಲೆಯನ್ನು ಹೊಕ್ಕು ಕರೆಯಲು, ಗೋಡೆಯ ಮೇಲಿದ್ದ ವಾದ್ಯವು ತಾನಾಗಿ ಅವನ ಬಳಿಗೆ ಹಾರಿ ಬಂದಿತು. ಅವನು ಮೊದಲು ಶೋಕದ ರಾಗವನ್ನು ನುಡಿಸಿದನು, ಹೆಂಗಸರು ಅತ್ತರು. ಹಾಸದ ರಾಗವನ್ನು ನುಡಿಸಿದನು. ಹೆಂಗಸರೂ ಹುಡುಗರೂ ನಕ್ಕರು. ಕಡೆಗೆ ನಿದ್ರೆಯ ರಾಗವನ್ನು ನುಡಿಸಲು ಸೇನೆಯೆಲ್ಲ ಮಲಗಿಬಿಟ್ಟಿತು. ಅವನು ವಾದ್ಯದೊಡನೆ ಸುಖವಾಗಿ ಹಿಂದಿರುಗಿದನು. ರಸವನ್ನು ವಿವೇಚಿಸಿದ ನಮ್ಮ ಆಲಂಕಾರಿಕರು ಈ ಕಥೆಯನ್ನು ಕೇಳಿದ್ದರೆ ತಲೆದೂಗುತ್ತಿದ್ದರು.

ಆದರೆ ಇಂತಹ ಕಥೆಯನ್ನು ಟಿಕೆಟ್ಟಿನ ನಾಟಕಶಾಲೆಗೆ ಒಯ್ಯುವುದು ಸುಲಭವಲ್ಲ. ಗಾನವು ಪ್ರಬಲವಾದರೆ ಮಾತು ಮುಳುಗುತ್ತದೆ; ಮಾತೇ ಪ್ರಬಲವಾದರೆ ಗಾನವು ಬರಿಯ ಅಲಂಕಾರವಾಗುತ್ತದೆ. ಕವಿ ಯೇಟ್ಸ್ ಅವರು ಈ ತೊಡಕನ್ನು ಚೆನ್ನಾಗಿ ಅರಿತಿದ್ದರು. 1901ರ ಸುಮಾರಿನಲ್ಲಿ ಅವರು ವಿಶೇಷವಾದೊಂದು ತಂತಿವಾದ್ಯವನ್ನು ಮಾಡಿಸಿ, ಫ್ಲಾರೆನ್ಸ್ ಫಾರ್ ಎಂಬ ನಟಿಯಿಂದ ಅದರ ಶ್ರುತಿಗೆ ಹೊಂದುವಂತೆ ಪದ್ಯಗಳನ್ನು ನುಡಿಸಿದರು, ಹಾಡಿಸಲಿಲ್ಲ. 1906ರಲ್ಲಿ ಡಬ್ಲಿನ್ ನಗರದ ಆಬಿ ನಾಟಕಶಾಲೆಯಲ್ಲಿ ಪ್ರಯೋಗವಾದ ಅವರ 'ಡೀರ್ಡ್ರೆ' ನಾಟಕದಲ್ಲಿ ಗಾಯಕಿಯರೇ ಮೊದಲು ಬಂದು ಪೂರ್ವಕಥೆಯನ್ನು ತಿಳಿಸುತ್ತಾರೆ.

ಮುಂದೆ ಅದೇ ಸಂಸ್ಥೆಯಲ್ಲಿ ಕೆರಿ ಸೀಮೆಯ ಏಮನ್ ಕೆಲಿ ಎಂಬವರು ಇನ್ನೊಂದು ದಾರಿಯನ್ನು ಹಿಡಿದರು. ಇವರು 1914ರಲ್ಲಿ ಹುಟ್ಟಿದ ಬಡಗಿಯ ಮಗ. ಮರಗೆಲಸದ ಉಪಾಧ್ಯಾಯರಾಗಿದ್ದು ಆಮೇಲೆ ನಟರಾದವರು. ಬಾಲ್ಯದಲ್ಲಿ ತಮ್ಮ ಮನೆಯಲ್ಲಿ ಸೇರುತ್ತಿದ್ದ ನೆರೆಯವರಿಂದ ಕೇಳಿದುದನ್ನೇ 1975ರಲ್ಲಿ, 'ನನ್ನ ತಂದೆಯ ಕಾಲದಲ್ಲಿ' ಎಂಬ ಅರ್ಥದ ಹೆಸರಿನಿಂದ, ಒಬ್ಬರೇ ರಂಗದ ಮೇಲೆ ಹೇಳಿದರು. ಇವರಿಗೆ ತಮ್ಮ ಸೀಮೆಯ ನುಡಿಯ ಏರಿಳಿತವೇ ರಾಗವಾಗಿದ್ದಿತು. ಇವರು 2001ರಲ್ಲಿ ಕಾಲವಾದರು.

ಅದೇ ಕೆರಿ ಸೀಮೆಯ ಟ್ರಲೀ ಪಟ್ಟಣದಲ್ಲಿ ಪ್ಯಾಟ್ ಅಹರ್ನ್ ಎಂಬ ಪಾದ್ರಿಯವರು ಇದಕ್ಕೆ ವಿಪರೀತವಾದ ಕ್ರಮವನ್ನು ಅನುಸರಿಸಿದರು. ಅವರ ಶ್ರಮದಿಂದ 1974ರಲ್ಲಿ 'ಶೀಮ್ಸ ಟೀರ' ಎಂಬ ರಾಷ್ಟ್ರೀಯ ಜಾನಪದ ನಾಟಕಸಂಸ್ಥೆಯು ಸ್ಥಾಪಿತವಾಯಿತು. ಅದರ ನಾಟಕಮಂದಿರವು 1991ರಲ್ಲಿ ತೆರೆಯಿತು. ಇಲ್ಲಿ ಮಾತು ಅತ್ಯಲ್ಪ. ಬೆಣ್ಣೆ ಕಡೆಯುವುದು, ಹುಲ್ಲು ಹೊದಿಸುವುದು, ತೆನೆ ಬಡಿಯುವುದು ಮೊದಲಾದ ಹಳ್ಳಿಯ ಕೆಲಸಗಳ ಲಯವೇ ಕುಣಿತವಾಗಿ, ಗಾನದೊಡನೆ ಕೂಡಿ, ಕಥೆಯನ್ನು ಹೇಳುತ್ತದೆ. ಆ ಭಾಷೆಯನ್ನು ತಿಳಿಯದ ಪರದೇಶದವನಿಗೂ ಅದು ಅರ್ಥವಾಗುತ್ತದೆ.

ಇವೆಲ್ಲ ಮೆಚ್ಚತಕ್ಕವೇ. ಆದರೂ ಅಗ್ಗಿಷ್ಟಿಕೆಯ ಬಳಿ ಇದ್ದುದೊಂದು ರಂಗದ ಮೇಲೆ ಬರಲಾರದು. ಅಲ್ಲಿ ಇಂದು ಕೇಳಿದವನು ನಾಳೆ ಹೇಳುವವನಾಗುತ್ತಿದ್ದನು. ಬ್ಲಾಸ್ಕೆಟ್ ದ್ವೀಪದಲ್ಲಿ ಬಾಳಿದ ಪೆಗ್ ಸೇಯರ್ಸ್ ಎಂಬ ಮುದುಕಿಯು ಕಥೆಗಳನ್ನು ಕಲಿತುದು ತನ್ನ ತಂದೆಯ ಬಾಯಿಂದ. ಆಕೆ ಹೇಳಿದ ನೂರಾರು ಕಥೆಗಳನ್ನು, 1935ರಲ್ಲಿ ಏರ್ಪಟ್ಟ ಜಾನಪದ ಮಂಡಲಿಯವರು ಬರೆದಿಟ್ಟುಕೊಂಡರು. ಆದರೆ 1953ರಲ್ಲಿ ಆ ದ್ವೀಪವನ್ನೇ ಜನರು ತೊರೆಯಬೇಕಾಯಿತು. ಕಥೆಗಳು ಕಾಗದದ ಮೇಲೆ ಉಳಿದವು. ಅವನ್ನು ಹೇಳುತ್ತಿದ್ದ ಒಲೆಗಳು ತಣ್ಣಗಾದವು.

ಪ್ರೇಕ್ಷಕನು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾನೆ. ಕಥೆಯನ್ನು ಹೊತ್ತುಕೊಂಡು ಹೋಗುವುದಿಲ್ಲ. ಟ್ರಲೀಯವರು ಇದನ್ನು ಅರಿತೇ ಹಳ್ಳಿಗಳಲ್ಲಿ ಶಿಕ್ಷಣದ ಮನೆಗಳನ್ನು ಕಟ್ಟಿ, ಅಲ್ಲಿನ ಮಕ್ಕಳಿಗೆ ಹಾಡನ್ನೂ ಹೆಜ್ಜೆಯನ್ನೂ ಕಲಿಸಲು ತೊಡಗಿದರು. ಅವರ ಕಾರ್ಯದಲ್ಲಿ ನನಗೆ ಎಲ್ಲಕ್ಕಿಂತಲೂ ಹಿರಿದಾಗಿ ತೋರುವುದು ಇದೇ. ರಂಗಸ್ಥಳವು ಕಲೆಯನ್ನು ಮೆರೆಸಬಲ್ಲುದು. ಉಳಿಸುವ ಭಾರವು ಮನೆಯದು. ರಾತ್ರಿ ಮಕ್ಕಳು ಕಥೆ ಹೇಳೆಂದು ಪೀಡಿಸಿದಾಗ 'ನಾಳೆ' ಎನ್ನುವ ಹಿರಿಯರು ಈ ಮಾತನ್ನು ಸ್ವಲ್ಪ ಆಲೋಚಿಸಬೇಕು.