ಹನ್ನೊಂದು ಜನಕ್ಕೆ ಒಪ್ಪುವ ಒಂದು ದ್ವೀಪ

ಧರ್ಮಸ್ಥಳಕ್ಕೆ ಹೊರಟ ಹನ್ನೊಂದು ಜನರನ್ನು ಒಂದು ವ್ಯಾನಿಗೆ ಹತ್ತಿಸುವುದೇ ಕಷ್ಟ. ಒಬ್ಬರಿಗೆ ಘಾಟಿಯಲ್ಲಿ ವಾಂತಿ, ಒಬ್ಬರಿಗೆ ಕಿಟಕಿ ಪಕ್ಕವೇ ಆಗಬೇಕು, ಮತ್ತೊಬ್ಬರಿಗೆ ಸುಬ್ರಹ್ಮಣ್ಯಕ್ಕೂ ಹೋಗಿಬರುವ ಆಸೆ. ಹೀಗಿರುವಾಗ ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗಳು, ಅವಳ ಕನ್ನಡ ಕೂಟದ ಗೆಳತಿಯರು, ಅವರವರ ಗಂಡಂದಿರು, ಇಬ್ಬರು ಮಕ್ಕಳು, ಜೊತೆಗೆ ಮಗಳ ಮನೆಗೆಂದು ಹೋಗಿರುವ ನಮ್ಮ ಅಕ್ಕ, ಇಷ್ಟು ಜನ ಸೇರಿ ಸಮುದ್ರದ ತಳ ನೋಡಲು ಕೆರಿಬಿಯನ್ ದ್ವೀಪಕ್ಕೆ ಹೋಗುವುದೆಂದು ಗೊತ್ತುಮಾಡಿದರೆ ಕೇಳಬೇಕೆ? ಯಾವ ದ್ವೀಪ ಎಂಬುದರಲ್ಲೇ ಎರಡು ತಿಂಗಳು ಕಳೆಯಿತು. ಕೊನೆಗೆ ಹುಡುಗಿ ನನಗೆ ಫೋನ್ ಮಾಡಿ, "ಚಿಕ್ಕಮ್ಮಾ, ಮನೆ ಲೆಕ್ಕ ಬರೆಯೋ ಹಾಗೆ ನೀವೇ ಕೂತು ಒಂದು ಪಟ್ಟಿ ಮಾಡಿಕೊಡಿ. ನಿಮ್ಮ ಮಾತಾದರೆ ಅಮ್ಮನೂ ಕೇಳ್ತಾಳೆ" ಎಂದಳು.

ಕೆರೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದವಳೂ ಅಲ್ಲ ನಾನು. ಆದರೂ ಪುಸ್ತಕ, ನಕ್ಷೆ ಹರಡಿಕೊಂಡು ಕೂತೆ. ನಮ್ಮ ಮನೆಯಲ್ಲಿ ವೆಸ್ಟ್ ಇಂಡೀಸ್ ಎಂದರೆ ಕ್ರಿಕೆಟ್ ಅಷ್ಟೇ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದದ್ದು, ಭದ್ರಾವತಿಯ ಹುಡುಗ ವಿಶ್ವನಾಥ್ ಅದರಲ್ಲಿ 112 ಹೊಡೆದದ್ದು, ಇದನ್ನು ನಮ್ಮ ತಂದೆಯವರು ಈಗಲೂ ಊಟಕ್ಕೆ ಕೂತಾಗ ಹೇಳುತ್ತಾರೆ. ಆ ಊರಿರುವ ದ್ವೀಪದ ಸುತ್ತಮುತ್ತ ಇಷ್ಟೊಂದು ದ್ವೀಪಗಳಿವೆ, ಒಂದೊಂದಕ್ಕೆ ಒಂದೊಂದು ದೇಶ, ಒಂದೊಂದು ಭಾಷೆ, ಒಂದೊಂದು ನಾಣ್ಯ ಎಂದು ನನಗೆ ತಿಳಿದದ್ದು ಈಗ.

ಸ್ಕೂಬಾ ಎಂದರೆ ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿ, ಮೀನಿನ ಹಾಗೆ ನೀರೊಳಗೆ ತಿರುಗಾಡುವುದು. ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ ಎಂಬ ಇಬ್ಬರು 1943ರಲ್ಲಿ ಇದಕ್ಕೊಂದು ಸಲಕರಣೆ ಮಾಡಿದ ಮೇಲೆ ಸಾಮಾನ್ಯರೂ ಇಳಿಯುವಂತಾಯಿತು. ನಮ್ಮ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದಲ್ಲೂ ಇದು ನಡೆಯುತ್ತದೆ. ನಮ್ಮ ಹುಡುಗಿ ಮೊದಲು ನೀರಿಗಿಳಿದದ್ದೂ ಅಲ್ಲೇ, ಮದುವೆಗೆ ಮುಂಚೆ. ಆಮೇಲೆ ಅಮೆರಿಕದಲ್ಲಿ ಪದ್ಧತಿಯಂತೆ ಕಲಿತು ಸರ್ಟಿಫಿಕೇಟ್ ಪಡೆದಳು. ಮೊದಲ ಹಂತದ ಸರ್ಟಿಫಿಕೇಟ್ ಇದ್ದರೆ 18 ಮೀಟರ್ ಆಳದವರೆಗೆ, ಅದರ ಮುಂದಿನದು ಇದ್ದರೆ 30 ಮೀಟರ್‌ವರೆಗೆ ಹೋಗಬಹುದು. ಹತ್ತು ವರ್ಷ ತುಂಬದ ಮಕ್ಕಳಿಗೆ ಸರ್ಟಿಫಿಕೇಟ್ ಕೊಡುವುದಿಲ್ಲ.

ನಾನು ಮೊದಲು ಬರೆದದ್ದು ದ್ವೀಪಗಳ ಹೆಸರಲ್ಲ, ಜನರ ಹೆಸರು. ನೀರಿಗಿಳಿದು ಅಭ್ಯಾಸವಿದ್ದವರು ನಾಲ್ಕು ಜನ. ಹೊಸದಾಗಿ ಕಲಿಯುತ್ತೇವೆ ಎನ್ನುವವರು ಮೂವರು. ಏಳು ಮತ್ತು ಎಂಟು ವರ್ಷದ ಎರಡು ಮಕ್ಕಳು. ನೀರು ಕಂಡರೇ ಭಯವೆನ್ನುವ ಒಬ್ಬ ಗಂಡಸು (ಇದನ್ನು ಅವರ ಹೆಂಡತಿ ನಗುತ್ತಾ ಹೇಳಿದರೂ ಅವರೇನೂ ಬೇಸರಪಟ್ಟುಕೊಳ್ಳಲಿಲ್ಲವಂತೆ). ಮತ್ತೆ ಅರವತ್ತೆರಡರ ನಮ್ಮ ಅಕ್ಕ, ಮಂಡಿನೋವು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ದ್ವೀಪದ ವಿಷಯದಲ್ಲಿ ಜೋರುದನಿ ಮಾಡುತ್ತಿದ್ದವರೆಲ್ಲ ಆ ಮೊದಲಿನ ನಾಲ್ವರೇ. ಉಳಿದ ಏಳು ಜನ ದಿನವಿಡೀ ಏನು ಮಾಡಬೇಕು ಎಂದು ಒಬ್ಬರೂ ಕೇಳಿರಲಿಲ್ಲ.

ಎರಡನೆಯದು ಪಂಚಾಂಗ. ಅಲ್ಲಿ ಜೂನ್ ಒಂದರಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತದ ಕಾಲ, ಸೆಪ್ಟೆಂಬರ್‌ನಲ್ಲಿ ಅದರ ಅಬ್ಬರ ಅತಿ ಹೆಚ್ಚು. 2004ರಲ್ಲಿ ಐವನ್ ಎಂಬ ಚಂಡಮಾರುತ ಗ್ರ್ಯಾಂಡ್ ಕೇಮನ್ ದ್ವೀಪವನ್ನು, 2005ರಲ್ಲಿ ವಿಲ್ಮಾ ಎಂಬುದು ಕೊಜುಮೆಲ್ ದ್ವೀಪವನ್ನು ಹಣ್ಣುಗಾಯಿ ಮಾಡಿದವು. ಮಕ್ಕಳಿಗೆ ಶಾಲೆ ರಜ ಇರುವುದು ಬೇಸಿಗೆಯಲ್ಲಿ, ಆದ್ದರಿಂದ ಇವರು ಹೋಗುವುದು ಜುಲೈಯಲ್ಲೇ. ನಕ್ಷೆಯಲ್ಲಿ ಕೆಳಗೆ, ವೆನೆಜುವೆಲಾದ ಕರಾವಳಿಗೆ ಹತ್ತಿರ ಅರುಬಾ, ಕುರಾಸಾವ್, ಬೊನೇರ್ ಎಂದು ಮೂರು ದ್ವೀಪಗಳಿವೆ. ಹೆಚ್ಚುಕಡಿಮೆ ನಮ್ಮ ಮೈಸೂರಿನ ಅಕ್ಷಾಂಶವೇ. ಚಂಡಮಾರುತಗಳ ಹಾದಿಗೆ ಇವು ಬಹುಮಟ್ಟಿಗೆ ಹೊರಗೆ. ಬರುವುದೇ ಇಲ್ಲವೆಂದಲ್ಲ, 1999ರಲ್ಲಿ ಲೆನಿ ಎಂಬುದು ತಿರುವುಮುರುವಾಗಿ ಪಶ್ಚಿಮದಿಂದ ಬಂದು ಅದರ ಅಲೆಗಳಿಂದ ಬೊನೇರ್‌ನ ಹವಳಕ್ಕೆ ಪೆಟ್ಟಾಯಿತು. ಆದರೂ ಜುಲೈಯಲ್ಲಿ ಹೋಗುವವರಿಗೆ ಈ ಮೂಲೆಯೇ ವಾಸಿ.

ಇಷ್ಟು ಗೊತ್ತಿಟ್ಟುಕೊಂಡು ದ್ವೀಪಗಳಿಗೆ ಬಂದೆ.

ಕೊಜುಮೆಲ್ ಮೆಕ್ಸಿಕೋ ದೇಶದ್ದು. ಅಮೆರಿಕದಿಂದ ನೇರ ವಿಮಾನ, ಖರ್ಚು ಕಡಿಮೆ, ಅಮೆರಿಕದ ವೀಸಾ ಚಾಲ್ತಿಯಲ್ಲಿರುವ ಭಾರತೀಯರಿಗೆ ಬೇರೆ ವೀಸಾ ಬೇಡ. ಅಲ್ಲಿನ ಪಲಂಕಾರ್ ಹವಳದ ದಿಬ್ಬ ಬಹಳ ಹೆಸರಾದದ್ದು. ಆದರೆ ನೀರೊಳಗೆ ಸೆಳವು ಜಾಸ್ತಿ. ಮುಳುಗಿದವರು ಸೆಳವಿನ ಜೊತೆಯಲ್ಲೇ ತೇಲಿಹೋಗುತ್ತಾರೆ, ದೋಣಿ ಮೇಲಿಂದ ಹಿಂಬಾಲಿಸುತ್ತದೆ. ಪಳಗಿದವರಿಗೆ ಅದು ಉಯ್ಯಾಲೆಯಷ್ಟು ಸುಖವಂತೆ. ಮೊದಲ ಸಲ ಇಳಿಯುವವರಿಗೆ?

ಗ್ರ್ಯಾಂಡ್ ಕೇಮನ್ ಬ್ರಿಟಿಷರ ಆಡಳಿತದ್ದು. ಸೊಂಟದುದ್ದ ನೀರಿನ ಮರಳುದಿಬ್ಬದ ಮೇಲೆ ನಿಂತರೆ ತಿರಣೆ ಮೀನುಗಳು ಕಾಲಿಗೆ ಸವರಿಕೊಂಡು ಹೋಗುವ ಜಾಗವೊಂದಿದೆ, ಮಕ್ಕಳಿಗೆ ಹಬ್ಬ. ಕಿಟ್ಟಿವೇಕ್ ಎಂಬ ಹಳೆಯ ನೌಕಾಪಡೆಯ ಹಡಗನ್ನು 2011ರಲ್ಲಿ ಬೇಕೆಂದೇ ಅಲ್ಲಿ ಮುಳುಗಿಸಿದ್ದಾರೆ, ಅದರೊಳಗೆ ಈಜಿ ಬರಬಹುದು. ಆದರೆ ದುಬಾರಿ ಅಂದರೆ ದುಬಾರಿ. ಅಮೆರಿಕದ ಡಾಲರಿಗಿಂತ ಅಲ್ಲಿನ ಡಾಲರೇ ತೂಕದ್ದು! ಹೊಂಡುರಾಸ್ ದೇಶದ ರೊವಾಟಾನ್ ಇದಕ್ಕೆ ತದ್ವಿರುದ್ಧ. ಕಲಿಯುವುದಕ್ಕೂ ಉಳಿಯುವುದಕ್ಕೂ ಅಗ್ಗ, ಜಗತ್ತಿನ ಎರಡನೇ ದೊಡ್ಡ ಹವಳದ ಸಾಲು ಅಲ್ಲಿ ಹಾಯುತ್ತದೆ. ಮರಳುನೊಣಗಳ ಕಾಟ ಮಾತ್ರ ಹೇಳತೀರದಂತೆ. ಮಕ್ಕಳನ್ನು ನೆನೆದು ಅದರ ಮುಂದೆ ಪ್ರಶ್ನೆಚಿಹ್ನೆ ಹಾಕಿದೆ.

ಟೊಬ್ಯಾಗೋ ಎಂದರೆ ಅಕ್ಕನಿಗೆ ಆಸೆ. ಅದರ ಜೋಡಿ ದ್ವೀಪ ಟ್ರಿನಿಡಾಡಿಗೆ 1845ರಲ್ಲಿ ಮೊದಲ ಹಡಗಿನಲ್ಲಿ ನಮ್ಮವರು ಕೂಲಿಗೆಂದು ಹೋದರು, ಇಂದಿಗೂ ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ತುಂಬಿದ್ದಾರೆ. ಮೆತ್ತನೆಯ ಎರಡು ಪೂರಿಗಳ ನಡುವೆ ಕಡಲೆಕಾಳಿನ ಪಲ್ಯ ಇಟ್ಟು ಬೀದಿಯಲ್ಲಿ ಮಾರುತ್ತಾರೆ, ಅದಕ್ಕೆ 'ಡಬಲ್ಸ್' ಎಂದು ಹೆಸರು. ಕೇಳಿದ ಮೇಲೆ ನಾನೂ ಮನೆಯಲ್ಲಿ ಮಾಡಿದೆ, ಹುಳಿಗೆ ಹುಣಸೆ ಚಟ್ನಿ ಹಾಕಿದರೆ ಚೆನ್ನಾಗಿರುತ್ತದೆ. ಆದರೆ ಟೊಬ್ಯಾಗೋದ ಸ್ಪೇಸೈಡ್ ಕಡೆ ಸೆಳವು ಬಲವಾದದ್ದು, ಒರಿನೋಕೋ ನದಿಯ ನೀರು ಸೇರಿ ಕಡಲು ಕೆಲವು ಕಾಲ ಹಸಿರಾಗುತ್ತದೆ. ಊಟಕ್ಕಾಗಿ ಹೋಗಬಹುದಿತ್ತು, ಕಲಿಯುವುದಕ್ಕಲ್ಲ.

ಕೊನೆಗೆ ಉಳಿದದ್ದು ಬೊನೇರ್ ಮತ್ತು ಕುರಾಸಾವ್. ನಮ್ಮ ನಾಲ್ವರು ಪಳಗಿದವರು ಬೊನೇರ್ ಎಂದರೆ ಪ್ರಾಣ ಬಿಡುತ್ತಿದ್ದರು. ಅದಕ್ಕೆ ಕಾರಣವೂ ಇದೆ. 1979ರಿಂದಲೇ ಅಲ್ಲಿನ ಕಡಲನ್ನು ರಕ್ಷಿತ ವನದಂತೆ ಕಾಪಾಡಿದ್ದಾರೆ. ಕೈಗವಸು ಹಾಕಿ ಇಳಿಯುವಂತಿಲ್ಲ, ಹಾಕಿದರೆ ಜನ ಹವಳವನ್ನು ಮುಟ್ಟುತ್ತಾರೆಂದು. ದೋಣಿಯೇ ಬೇಡ. ಟ್ರಕ್ಕಿನಲ್ಲಿ ಸಿಲಿಂಡರ್ ಹೇರಿಕೊಂಡು, ದಾರಿಬದಿಯ ಹಳದಿ ಬಳಿದ ಕಲ್ಲಿನಲ್ಲಿ ಹೆಸರು ಓದಿ, ನಿಲ್ಲಿಸಿ, ದಡದಿಂದಲೇ ಇಳಿಯುವುದು. 1984ರಲ್ಲಿ ಗಾಂಜಾ ಸಾಗಿಸುತ್ತಾ ಸಿಕ್ಕಿಬಿದ್ದು ಮುಳುಗಿದ ಹಿಲ್ಮಾ ಹುಕರ್ ಹಡಗೂ ಅಲ್ಲೇ ಮಲಗಿದೆ. ಎಲ್ಲ ಸರಿ. ಆದರೆ ದಡವೆಲ್ಲ ಕಲ್ಲು, ಹವಳದ ಚೂರು. ಮರಳಿನ ತೀರ ಅಪರೂಪ. ನಮ್ಮ ಅಕ್ಕ ಮಂಡಿ ಹಿಡಿದುಕೊಂಡು ಟ್ರಕ್ಕಿನಲ್ಲೇ ಕೂತಿರಬೇಕಾಗುತ್ತದೆ.

ಇಷ್ಟರಲ್ಲಿ ಒಂದು ರಾತ್ರಿ ಹುಡುಗಿಯ ಫೋನ್ ಬಂತು. ದನಿ ಬೇರೆಯಾಗಿತ್ತು. ಕಲಿಯಲು ಹೊರಟ ಮೂವರಲ್ಲಿ ಒಬ್ಬಳಿಗೆ ಚಿಕ್ಕಂದಿನಿಂದ ಉಬ್ಬಸವಂತೆ. ನೀರಿಗಿಳಿಯುವ ಮೊದಲು ಆರೋಗ್ಯದ ಫಾರಂ ತುಂಬಬೇಕು. ಅದರಲ್ಲಿ ಉಬ್ಬಸದ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿಬಿಡುತ್ತೇನೆ, ನನ್ನೊಬ್ಬಳಿಂದ ಎಲ್ಲರ ಖುಷಿ ಯಾಕೆ ಕೆಡಬೇಕು, ಯಾರಿಗೂ ಹೇಳಬೇಡ ಎಂದು ಇವಳ ಹತ್ತಿರ ಆಣೆ ಮಾಡಿಸಿಕೊಂಡಿದ್ದಾಳೆ. "ಏನು ಮಾಡಲಿ ಚಿಕ್ಕಮ್ಮ?"

ಸೋದರಿಯರೇ, ಇದನ್ನು ಸ್ವಲ್ಪ ನಿಂತು ಹೇಳಬೇಕು. ಹತ್ತು ಮೀಟರ್ ಕೆಳಗೆ ನೀರಿನ ಒತ್ತಡ ಮೇಲಿನದಕ್ಕಿಂತ ಎರಡರಷ್ಟು, ಇಪ್ಪತ್ತರಲ್ಲಿ ಮೂರರಷ್ಟು. ಹತ್ತು ಮೀಟರ್ ಆಳದಲ್ಲಿ ಎದೆತುಂಬ ಎಳೆದುಕೊಂಡ ಗಾಳಿ ಮೇಲಕ್ಕೆ ಬರುವಷ್ಟರಲ್ಲಿ ಹಿಗ್ಗಿ ಎರಡು ಪಾಲಾಗುತ್ತದೆ. ಅದಕ್ಕೇ ಅವರಿಗೆ ಮೊದಲ ಪಾಠ, ಎಂದೂ ಉಸಿರು ಬಿಗಿಹಿಡಿಯಬೇಡಿ ಎಂಬುದು. ಉಬ್ಬಸದಲ್ಲಿ ಶ್ವಾಸನಾಳ ಬಿಗಿದುಕೊಂಡರೆ ಒಳಗಿನ ಗಾಳಿಗೆ ಹೊರಬರಲು ದಾರಿ ಎಲ್ಲಿ? ಶ್ವಾಸಕೋಶ ಹರಿಯಬಹುದು. ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೆ ಹೋದರೆ ಅಲ್ಲಿಗೆ ಮುಗಿಯಿತು. ಸಿಲಿಂಡರಿನ ಒಣಗಾಳಿ, ಗಾಬರಿ, ಈಜುವ ದಣಿವು, ಒಂದೊಂದೂ ಉಬ್ಬಸ ಕೆರಳಿಸುವಂಥದ್ದೇ. ಉಬ್ಬಸವಿದ್ದವರೆಲ್ಲ ಇಳಿಯಲೇಬಾರದು ಎಂದು ಈಗ ವೈದ್ಯರು ಹೇಳುವುದಿಲ್ಲ. ಹತೋಟಿಯಲ್ಲಿದೆಯೇ ಎಂದು ಉಸಿರಿನ ಪರೀಕ್ಷೆ ಮಾಡಿ ತಿಳಿದವರು ಹೇಳಬೇಕು. ಮುಚ್ಚಿಡುವುದು ಮಾತ್ರ ಕೂಡದು. ನೀರೊಳಗೆ ಇಬ್ಬಿಬ್ಬರು ಜೋಡಿ ಇರುತ್ತಾರೆ, ಅವಳಿಗೇನಾದರೂ ಆದರೆ ಎಳೆದು ತರಬೇಕಾದ ಜೋಡಿಯ ಜೀವವೂ ಪಣಕ್ಕೆ.

"ಆಣೆ ಗೀಣೆ ಎಲ್ಲ ಬದಿಗಿಡು ಕಣೇ. ಅವಳ ಹತ್ತಿರಾನೇ ಮಾತಾಡಿ ಡಾಕ್ಟರ್ ಹತ್ರ ಕಳಿಸು. ಬೈದರೆ ಬೈಸಿಕೋ" ಎಂದೆ. ಬೈದಳಂತೆ. ಎಂಟು ದಿನ ಮಾತು ಬಿಟ್ಟಳಂತೆ. ಆಮೇಲೆ ಹೋದಳು. ಪರೀಕ್ಷೆ ಮಾಡಿದವರು ಈ ವರ್ಷ ಸಿಲಿಂಡರ್ ಬೇಡ, ಔಷಧಿ ಸರಿಯಾಗಿ ತೆಗೆದುಕೊಂಡು ತೇಲುಕೊಳವೆ ಕಟ್ಟಿಕೊಂಡು ಮೇಲ್ಮೈಯಲ್ಲೇ ಈಜಿ ನೋಡಬಹುದು ಎಂದರು.

ಅಲ್ಲಿಗೆ ನನ್ನ ಪಟ್ಟಿಯ ಲೆಕ್ಕವೇ ತಿರುಗಿತು. ನೀರಿನ ಮೇಲಿಂದಲೇ ಹವಳ ಕಾಣುವ, ಮರಳಿನಿಂದ ನಡೆದು ಇಳಿಯುವ ಜಾಗ ಬೇಕು. ಕುರಾಸಾವ್‌ನಲ್ಲಿ ಪ್ಲಾಯಾ ಲಗೂನ್, ಗ್ರೋಟೆ ಕ್ನಿಪ್‌ನಂಥ ಪುಟ್ಟ ತೀರಗಳಲ್ಲಿ ದಡದ ಹತ್ತಿರವೇ ಹವಳವಿದೆ. ಒಂದು ಕಡೆ ಸುಮಾರು ಐದು ಮೀಟರ್ ನೀರಿನಲ್ಲಿ ಮುಳುಗಿದ ಪುಟ್ಟ ಟಗ್ ದೋಣಿಯನ್ನು ಮೇಲಿಂದಲೇ ನೋಡಬಹುದು. ಪಳಗಿದವರಿಗೆ ಅಣಬೆಯಾಕಾರದ ಹವಳದ ಕಾಡು ಇದೆ. ನೀರು ಬೇಡವೆನ್ನುವವರಿಗೆ ವಿಲೆಮ್‌ಸ್ಟಾಡ್ ಪಟ್ಟಣ. ಗೊಂಬೆ ಕೂರಿಸಿದಂತೆ ಸಾಲುಸಾಲು ಬಣ್ಣದ ಡಚ್ ಮನೆಗಳು, 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಊರು. ಅಲ್ಲಿ 1888ರ ತೇಲುಸೇತುವೆಯೊಂದಿದೆ, ಹಡಗು ಬಂದರೆ ಇಡೀ ಸೇತುವೆಯೇ ಬಾಗಿಲಿನಂತೆ ಪಕ್ಕಕ್ಕೆ ಸರಿಯುತ್ತದೆ. ಸುರಿನಾಮಿನಿಂದ ಬಂದ ಭಾರತೀಯ ಮೂಲದವರ ರೊಟ್ಟಿ ಅಂಗಡಿಗಳಿರುವುದರಿಂದ ಅಕ್ಕನ ಹೊಟ್ಟೆಯ ಚಿಂತೆಯೂ ಅರ್ಧ ಇಳಿಯಿತು. ನಾಲ್ವರಲ್ಲಿ ಇಬ್ಬರು ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಪಕ್ಕದ ಬೊನೇರ್‌ಗೆ ಮುಂದಿನ ಸಲ ನೀವು ನಾಲ್ವರೇ ಹೋಗಿ ಬನ್ನಿ ಎಂದು ಹೇಳಿಕಳಿಸಿದೆ.

ಹವಳವೆಲ್ಲ ಚಿತ್ರದಲ್ಲಿದ್ದಂತೆಯೇ ಇರುತ್ತದೆ ಎಂದು ಯಾರೂ ಭಾವಿಸಬಾರದು. 2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಹವಳದ ರೋಗವೊಂದು ದ್ವೀಪದಿಂದ ದ್ವೀಪಕ್ಕೆ ಹರಡಿದೆ, 2023ರ ಬಿಸಿಗೆ ಎಷ್ಟೋ ಹವಳ ಬಿಳುಚಿಹೋಯಿತು. ಒಂದು ದ್ವೀಪದಲ್ಲಿ ಬಳಸಿದ ಉಡುಗೆ ಸಲಕರಣೆಗಳನ್ನು ತೊಳೆದು ಶುದ್ಧಮಾಡದೆ ಇನ್ನೊಂದರಲ್ಲಿ ಇಳಿಸಬಾರದೆಂಬುದು ಇದರಿಂದಲೇ.

ಇನ್ನು ಕೆಲವು ವ್ಯವಹಾರದ ಮಾತು. ಗುಂಪಿನಲ್ಲಿ ಒಬ್ಬೊಬ್ಬರ ಪಾಸ್‌ಪೋರ್ಟ್ ಒಂದೊಂದು ದೇಶದ್ದಾದರೆ ವೀಸಾ ನಿಯಮವೂ ಬೇರೆ. ನಮ್ಮ ಅಕ್ಕನಂಥವರು ಅಮೆರಿಕಕ್ಕೆ ತಿರುಗಿ ಪ್ರವೇಶಿಸಲು ತಮ್ಮ ವೀಸಾದಲ್ಲಿ ಅನುಮತಿ ಇದೆಯೇ ಎಂದು ಮುಂಗಡ ಕಟ್ಟುವ ಮೊದಲೇ ನೋಡಬೇಕು. ಒತ್ತಡದ ಕಾಯಿಲೆಗೆ ಚಿಕಿತ್ಸೆ ಕೊಡುವ ವಿಶೇಷ ಕೋಣೆ ಆ ದ್ವೀಪದಲ್ಲಿ ಈಗ ಕೆಲಸ ಮಾಡುತ್ತಿದೆಯೇ ಎಂದು ಕೇಳಬೇಕು. ಮುಳುಗುವವರ ವಿಮೆ ಬೇರೆಯೇ ಇದೆ, ಮಾಡಿಸಬೇಕು. ಬಸುರಿಯರು ಇಳಿಯಬಾರದು, ಅನುಮಾನವಿದ್ದರೂ ಬಾರದು. ಕನ್ನಡಕ ಹಾಕುವವರಿಗೆ ಪವರ್ ಇರುವ ಮುಖವಾಡ ಸಿಗುತ್ತದೆ.

ಹಿಂತಿರುಗುವ ದಿನದ ವಿಷಯವೊಂದು ಮರೆಯಬಾರದು. ಆಳದಲ್ಲಿ ಸಾರಜನಕ ಒತ್ತಡಕ್ಕೆ ರಕ್ತದಲ್ಲಿ ಕರಗಿಕೊಳ್ಳುತ್ತದೆ, ಮುಚ್ಚಿದ ಸೋಡಾ ಬಾಟಲಿಯ ಗ್ಯಾಸಿನಂತೆ. ಮುಚ್ಚಳ ಫಕ್ಕನೆ ತೆಗೆದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ವಿಮಾನದೊಳಗೆ ಒತ್ತಡ ಕಡಿಮೆ, ಆದ್ದರಿಂದ ಹಲವು ಸಲ ಮುಳುಗಿದವರು ಕಡೇಪಕ್ಷ 18 ಗಂಟೆ ಕಾದೇ ವಿಮಾನ ಹತ್ತಬೇಕು. ನಾನು ಪೂರ್ತಿ ಒಂದು ದಿನವನ್ನೇ ಬಿಡಿಸಿದ್ದೇನೆ. ಆ ದಿನ ಹನ್ನೊಂದು ಜನವೂ ಅಕ್ಕನ ಜೊತೆ ಪಟ್ಟಣ ಸುತ್ತಬೇಕು. ಅಕ್ಕ ಕೇಳಿದ್ದು ಒಂದೇ, ಆ ತೇಲುಸೇತುವೆಯ ಮೇಲೆ ಸೀರೆ ಉಟ್ಟು ನಡೆಯಬಹುದೇ ಎಂದು. ನಡೆಯಬಹುದು, ಗಾಳಿ ಜೋರು, ಸೆರಗಿಗೆ ಎರಡು ಪಿನ್ನು ಹೆಚ್ಚು ಹಾಕಿಕೋ ಎಂದು ಬರೆದಿದ್ದೇನೆ.