ಡಿಸ್ನಿ ಲೋಕದಲ್ಲಿ ಊಟದ ಪಂಕ್ತಿ

ಮುಂಬಯಿ, ಪುಣೆಗಳ ಕನ್ನಡಿಗರ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ ನೆಲಸಿರುವುದು ಈಗ ವಿಶೇಷದ ಸಂಗತಿಯೇನಲ್ಲ. ವೀಸಾ ದೊರೆತು, ವಿಮಾನವೇರಿ, ಮೊಮ್ಮಕ್ಕಳ ಮುಖವನ್ನು ಕಂಡಾದ ಮೇಲೆ, ಅಲ್ಲಿಯ ಶಾಲೆಗಳಿಗೆ ಬೇಸಗೆಯ ರಜೆ ಬಂದೊಡನೆ ಹೊರಡುವ ಪ್ರವಾಸಗಳಲ್ಲಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿಗೆ ಬಹುಮಟ್ಟಿಗೆ ಮೊದಲ ಮಣೆ. ಅಲ್ಲಿಯ ಆಟ ನೋಟಗಳ ವರ್ಣನೆಯನ್ನು ನಮ್ಮ ವಾಚಕರು ಬೇಕಾದಷ್ಟು ಕೇಳಿರಬಹುದು. ಊಟದ ವಿಚಾರವನ್ನು ಮಾತ್ರ ಹೋಗಿಬಂದವರು ಮುಂಚಿತವಾಗಿ ಹೇಳುವುದು ಅಪರೂಪ. ಅದರ ಫಲವಾಗಿ, ದಿನವೊಂದಕ್ಕೆ ತಲೆಗೆ ನೂರು ಡಾಲರಿಗೂ ಮಿಕ್ಕಿ ತೆತ್ತು ಒಳಹೊಕ್ಕ ಕುಟುಂಬವು ನಡುಹಗಲಿನ ಬಿಸಿಲಿನಲ್ಲಿ ವೃದ್ಧರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಒಂದು ಭೋಜನಗೃಹದಿಂದ ಇನ್ನೊಂದಕ್ಕೆ ಅಲೆಯುವ ಪ್ರಸಂಗ ಒದಗುತ್ತದೆ. ಹೋದಲ್ಲೆಲ್ಲ ಒಂದೇ ಉತ್ತರ: ಮೇಜು ಖಾಲಿಯಿಲ್ಲ.

ಈ ಉತ್ತರವನ್ನು ಕೇಳಿ ಎದೆಗುಂದಬೇಕಾದ ಕಾರಣವಿಲ್ಲವೆಂಬುದೇ ನಾವು ಇಲ್ಲಿ ಹೇಳಬೇಕೆಂದಿರುವ ಮಾತು.

ಮೊದಲಿಗೆ ಆ ಸ್ಥಳದ ಹರವನ್ನು ತಿಳಿದಿರಬೇಕು. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದ ವಾಲ್ಟ್ ಡಿಸ್ನಿಯವರು ಫ್ಲಾರಿಡಾದ ಆರ್ಲ್ಯಾಂಡೊ ನಗರದ ಸಮೀಪದಲ್ಲಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಭೂಮಿಯನ್ನು ಕೊಳ್ಳಿಸಿದರು. ಆದರೆ 1966ರಲ್ಲಿಯೇ ತೀರಿಕೊಂಡುದರಿಂದ ಅದು ತೆರೆದುದನ್ನು ಕಾಣಲಿಲ್ಲ. ಅಣ್ಣ ರಾಯ್ ಡಿಸ್ನಿಯವರು ಕೆಲಸವನ್ನು ಪೂರೈಸಿ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದರು. ಈಗ ಸುಮಾರು 40 ಚದರ ಮೈಲಿಯ ಆ ಹರವಿನಲ್ಲಿ ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಉದ್ಯಾನಗಳಿವೆ. ಅವುಗಳ ಸುತ್ತ ವಸತಿಗೃಹಗಳ ದೊಡ್ಡ ಸಾಲೇ ಇದೆ. ಊಟದ ಎಡೆಗಳಿಗೆ ಬರವಿಲ್ಲ. ಬರವಿರುವುದು ಎಲ್ಲರೂ ಬಯಸುವ ಕೆಲವೇ ಎಡೆಗಳಿಗೆ. ಸಿಂಡರೆಲಾಳ ಕೋಟೆಯೊಳಗೆ ರಾಜಕುಮಾರಿಯರ ನಡುವೆ ಕುಳಿತು ಉಣ್ಣಬೇಕೆಂದು ಆರು ವರ್ಷದ ಮೊಮ್ಮಗಳು ಹಟ ಹಿಡಿದರೆ, ಪಕ್ಕದ ಅಂಗಡಿಯ ಪೀಟ್ಸಾದಿಂದ ಅವಳನ್ನು ಒಲಿಸುವುದು ಯಾವ ಅಜ್ಜನಿಂದಲೂ ಆಗದ ಮಾತು.

ಅಲ್ಲಿಯ ಕಟ್ಟಳೆ ಹೀಗಿದೆ. ಬಡಿಸಿ ಉಣಿಸುವ ಭೋಜನಗೃಹಗಳಲ್ಲಿ ಜಾಗವನ್ನು 60 ದಿನ ಮೊದಲೇ ಕಾದಿರಿಸಬಹುದು. ಡಿಸ್ನಿಯವರ ಸ್ವಂತ ವಸತಿಗೃಹಗಳಲ್ಲಿ ಇಳಿದುಕೊಳ್ಳುವವರಾದರೆ, ಬಂದಿಳಿಯುವ ದಿನಕ್ಕೆ 60 ದಿನವಿರುವಾಗಲೇ ತಮ್ಮ ತಂಗುವಿಕೆಯ ಹತ್ತು ದಿನಗಳವರೆಗಿನ ಊಟಗಳನ್ನೆಲ್ಲ ಒಟ್ಟಿಗೇ ಗೊತ್ತುಮಾಡಿಕೊಳ್ಳಬಹುದು. ಹೊರಗಿನ ಹೋಟೆಲಿನಲ್ಲೋ ಬಂಧುಗಳ ಮನೆಯಲ್ಲೋ ಇಳಿದವರ ಸರದಿ ಬರುವಷ್ಟರಲ್ಲಿ ಒಳ್ಳೆಯ ಮೇಜುಗಳು ಹಾರಿಹೋಗಿರುತ್ತವೆ. ಮುಂಬಯಿಯಲ್ಲಿದ್ದುಕೊಂಡೇ ಈ ಕೆಲಸ ಮಾಡಬೇಕೆನ್ನುವವರು ಗಡಿಯಾರದ ಲೆಕ್ಕವನ್ನು ನೆನಪಿನಲ್ಲಿಡಬೇಕು: ಅಲ್ಲಿ ಬೆಳಗಿನ 6 ಗಂಟೆಯೆಂದರೆ ಬೇಸಗೆಯಲ್ಲಿ ಇಲ್ಲಿ ಮಧ್ಯಾಹ್ನ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಆದರೆ ಅರವತ್ತು ದಿನ ಮೊದಲೇ ಊಟವನ್ನು ನಿಶ್ಚಯಿಸುವ ಪದ್ಧತಿ ನಮ್ಮ ಜನಕ್ಕೆ ಒಗ್ಗಿಬರುವುದು ಕಷ್ಟ. ಮದುವೆಯ ಮನೆಯವರು ಕೂಡ ಅಡಿಗೆಯವರಿಗೆ ಎಲೆಗಳ ಲೆಕ್ಕವನ್ನು ಹೇಳುವುದು ಹಿಂದಿನ ವಾರವಲ್ಲವೇ?

ತಡವಾಗಿ ಬಂದವರಿಗೆ ನೆರವಾಗುವುದು ಇದೇ ಕಟ್ಟಳೆಯ ಇನ್ನೊಂದು ಮುಖ. ಎರಡು ತಿಂಗಳು ಮುಂಚೆ ಜಾಗ ಹಿಡಿದವರೆಲ್ಲರೂ ಬರುವುದು ಸಾಧ್ಯವಿಲ್ಲ. ಮಗುವಿಗೆ ಜ್ವರ ಬರುತ್ತದೆ, ವಿಮಾನ ತಡವಾಗುತ್ತದೆ, ಹಿಂದಿನ ದಿನ ಎಂಟು ಮೈಲಿ ನಡೆದ ಕಾಲುಗಳು ಹಾಸಿಗೆ ಬಿಟ್ಟು ಏಳಲೊಲ್ಲವೆನ್ನುತ್ತವೆ. ಸುಮ್ಮನೆ ಬಾರದೆ ಉಳಿದರೆ ಹೆಚ್ಚಿನ ಭೋಜನಗೃಹಗಳು ತಲೆಗೆ 10 ಡಾಲರ್ ದಂಡ ವಸೂಲು ಮಾಡುತ್ತವೆ; ನಿಗದಿಯಾದ ವೇಳೆಗೆ ಎರಡು ಗಂಟೆ ಮುಂಚೆ ಬಿಟ್ಟುಕೊಟ್ಟರೆ ದಂಡವಿಲ್ಲ. ಹಿಂದೆ ಈ ಗಡುವು ಇಡೀ ಒಂದು ದಿನದ್ದಾಗಿತ್ತು. ಅದನ್ನು ಎರಡು ಗಂಟೆಗೆ ಇಳಿಸಿದುದರಿಂದ, ಜನರು ಮೇಜನ್ನು ಕೊನೆಯ ಗಳಿಗೆಯವರೆಗೆ ಹಿಡಿದಿಟ್ಟು ಆಮೇಲೆ ಕೈಬಿಡುವುದಕ್ಕೆ ಅವಕಾಶವಾಗಿದೆ. ಎಂದರೆ, ಸಂಜೆ 6 ಗಂಟೆಯ ಊಟ ಬೇಕಾದವರು ಮಧ್ಯಾಹ್ನ ಮೂರೂವರೆಯಿಂದ ನಾಲ್ಕರವರೆಗೆ ಮೊಬೈಲಿನಲ್ಲಿರುವ ಡಿಸ್ನಿಯವರ ಆ್ಯಪನ್ನು ಮತ್ತೆ ಮತ್ತೆ ನೋಡುತ್ತಿರುವುದು ಲೇಸು. ಬೆಳಗಿನಿಂದ ಬರಿದಾಗಿ ಕಂಡ ಪಟ್ಟಿಯಲ್ಲಿ ಥಟ್ಟನೆ ಒಂದು ಮೇಜು ಮೂಡುತ್ತದೆ. ಕಂಡೊಡನೆ ಹಿಡಿಯಬೇಕು, ಮನೆಮಂದಿಯನ್ನೆಲ್ಲ ಕರೆದು ಸಮಾಲೋಚನೆ ನಡೆಸುವ ಹೊತ್ತಿಗೆ ಅದು ಇನ್ನೊಬ್ಬರ ಪಾಲಾಗಿರುತ್ತದೆ. ಮರುದಿನದ ಯೋಜನೆಯನ್ನು ಜನರು ತಿದ್ದುವುದು ರಾತ್ರಿ ಮಲಗುವ ಮುನ್ನವಾದ್ದರಿಂದ ಆ ವೇಳೆಯೂ ಒಳ್ಳೆಯದೇ. ಕೋಟೆಯೊಳಗಿನ ಊಟದಂತಹ, ಪೂರ್ಣ ಹಣವನ್ನು ಮುಂಗಡ ಕಟ್ಟಬೇಕಾದ ಔತಣಗಳ ನಿಯಮಗಳು ಬೇರೆಯಾಗಿರುವುದುಂಟು. ಅವನ್ನು ಪ್ರತ್ಯೇಕವಾಗಿ ಓದಿಕೊಳ್ಳಬೇಕು.

ಕೇಳುವ ಬಗೆಯಲ್ಲಿಯೂ ಒಂದು ಜಾಣ್ಮೆಯಿದೆ. ಅಜ್ಜ ಅಜ್ಜಿ, ಮಗ ಸೊಸೆ, ಮಕ್ಕಳು, ಜತೆಗೆ ನ್ಯೂಜೆರ್ಸಿಯಿಂದ ಬಂದ ಭಾವಮೈದುನ ಎಂದು ನಮ್ಮ ತಂಡ ಏಳೆಂಟಕ್ಕೆ ಸುಲಭವಾಗಿ ಏರುತ್ತದೆ. ಎಂಟು ಜನಕ್ಕೆ ಒಂದೇ ಮೇಜು ಕೇಳಿದರೆ ಇಲ್ಲವೆಂಬುದೇ ಉತ್ತರ. ನಾಲ್ವರಿಗೆಂದು ಒಂದು, ಮತ್ತೆ ನಾಲ್ವರಿಗೆಂದು ಇನ್ನೊಂದು ಹುಡುಕಿದರೆ ದೊರೆಯುವ ಸಂಭವ ಹೆಚ್ಚು. ಎರಡು ಮೇಜುಗಳು ಪಕ್ಕಪಕ್ಕದಲ್ಲಿಯೇ ಇರಬೇಕೆಂಬ ಹಟವನ್ನು ಬಿಡಬೇಕು, ಅಷ್ಟೆ. ಹಾಗೆಯೇ ಹನ್ನೆರಡೂವರೆಗೇ ಊಟವಾಗಬೇಕೆಂಬ ನಿಯಮವನ್ನು ಸಡಿಲಿಸಿ, ಮಧ್ಯಾಹ್ನ ಮೂರರ ಆಚೆಗೋ ರಾತ್ರಿ ಎಂಟೂವರೆಯ ಮೇಲೋ ವಿಚಾರಿಸಿದರೆ ಬಾಗಿಲು ತೆರೆದಿರುವುದುಂಟು. ಮಧುಮೇಹದವರಿಗೆ ಇದು ಸಲ್ಲದು. ಅವರ ಚೀಲದಲ್ಲಿ ಏನಾದರೂ ಇರಲೇಬೇಕು.

ಮಾಟುಂಗಾದ ನಮ್ಮ ಉಡುಪಿ ಹೋಟೆಲುಗಳ ಮುಂದೆ ಭಾನುವಾರ ಹೆಸರು ಬರೆಯಿಸಿ ಕಾದು ನಿಂತ ಅನುಭವವುಳ್ಳವರಿಗೆ ಇನ್ನೊಂದು ಉಪಾಯ ಸಲೀಸಾಗಿ ಅರ್ಥವಾಗುತ್ತದೆ. ಕಾದಿರಿಸದೆ ಬಂದವರಿಗಾಗಿ ಅನೇಕ ಭೋಜನಗೃಹಗಳು ಅದೇ ಆ್ಯಪಿನಲ್ಲಿ ಕಾಯುವವರ ಪಟ್ಟಿಯೊಂದನ್ನು ಇರಿಸುತ್ತವೆ. ಸಮೀಪಕ್ಕೆ ಹೋಗಿ ಹೆಸರು ಸೇರಿಸಿದರೆ, ಮೇಜು ತೆರವಾದಾಗ ಸಂದೇಶ ಬರುತ್ತದೆ. ಪಟ್ಟಿ ಮುಚ್ಚಿದೆಯೆಂದು ತೋರಿದರೂ ಬಾಗಿಲಲ್ಲಿ ನಿಂತವರನ್ನು ಬಾಯಿಬಿಟ್ಟು ಕೇಳುವುದರಲ್ಲಿ ನಷ್ಟವಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದನೆಂಬ ಗಾದೆ ಆರ್ಲ್ಯಾಂಡೊದಲ್ಲಿಯೂ ಸುಳ್ಳಾಗುವುದಿಲ್ಲ.

ಉದ್ಯಾನಗಳ ಒಳಗೇ ಉಣ್ಣಬೇಕೆಂಬ ಭ್ರಮೆ ಹಲವರಿಗಿದೆ. ವಸತಿಗೃಹಗಳ ಭೋಜನಶಾಲೆಗಳಿಗೆ ಹೋಗಲು ಉದ್ಯಾನದ ಟಿಕೆಟು ಬೇಕಿಲ್ಲ. ಎಲ್ಲರೂ ಆಟಗಳ ಸಾಲಿನಲ್ಲಿ ನಿಂತಿರುವ ನಡುಹಗಲಿನಲ್ಲಿ ಅವು ಎಷ್ಟೋ ವಿರಳವಾಗಿರುತ್ತವೆ. ಮ್ಯಾಜಿಕ್ ಕಿಂಗ್‌ಡಮ್ಮಿನಿಂದ ಮಾನೊರೈಲನ್ನೇರಿದರೆ ಕಂಟೆಂಪೊರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲಾರಿಡಿಯನ್ ಎಂಬ ಮೂರು ವಸತಿಗೃಹಗಳು ದಾರಿಯಲ್ಲಿಯೇ ಸಿಗುತ್ತವೆ. ಡಿಸ್ನಿ ಸ್ಪ್ರಿಂಗ್ಸ್ ಎಂಬ ಪೇಟೆಗೆ ಪ್ರವೇಶಧನವಿಲ್ಲ. ಅಲ್ಲಿಯ ಎಷ್ಟೋ ಹೋಟೆಲುಗಳನ್ನು ಹೊರಗಿನ ಸಂಸ್ಥೆಗಳು ನಡೆಸುವುದರಿಂದ, ಡಿಸ್ನಿಯವರ ಪಟ್ಟಿಯಲ್ಲಿ ಕಾಣದ ಜಾಗ ಬೇರೆ ಬುಕಿಂಗ್ ಸೇವೆಗಳಲ್ಲಿ ಕಾಣುವುದುಂಟು.

ಶಾಕಾಹಾರಿಗಳಾದ ಹಿರಿಯರಿಗೆ ನಾವು ಎಲ್ಲಕ್ಕಿಂತ ಮೊದಲು ಸೂಚಿಸುವುದು ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಕಿಡಾನಿ ವಿಲೇಜಿನಲ್ಲಿರುವ ಸನಾ ಎಂಬ ಭೋಜನಶಾಲೆಯನ್ನು. 2009ರಲ್ಲಿ ತೆರೆದ ಇಲ್ಲಿ ಆಫ್ರಿಕದ ಅಡಿಗೆಯೊಂದಿಗೆ ಭಾರತದ ಮಸಾಲೆಗಳು ಬೆರೆತಿವೆ. ನಾನ್ ಮೊದಲಾದ ರೊಟ್ಟಿಗಳ ಜತೆಗೆ ಒಂಬತ್ತು ಬಗೆಯ ನಂಚಿಕೆಗಳನ್ನು ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ತಂದಿಡುತ್ತಾರೆ. ಕಿಟಕಿಯಾಚೆ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ. ಬೇರೆ ಕಡೆಗಳಲ್ಲಿ ಊಟದ ಪಟ್ಟಿಯಲ್ಲಿ ಎಲೆಯ ಗುರುತನ್ನು ಹುಡುಕಬೇಕು. 2019ರಲ್ಲಿ ಜಾರಿಗೆ ಬಂದ ಈ ಗುರುತು ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಇಲ್ಲದ ಖಾದ್ಯಗಳಿಗೆ ಮೀಸಲು. ಮೊಸರಿಲ್ಲದೆ ಊಟ ಮುಗಿಯದವರಿಗೆ ಅದರಿಂದ ಅರ್ಧ ಸಮಾಧಾನವಷ್ಟೆ.

ಒಂದು ಮಾತನ್ನು ತುಸು ಖಾರವಾಗಿಯೇ ಹೇಳಬೇಕಾಗಿದೆ. ಯಾವುದಕ್ಕೂ ಇರಲೆಂದು ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಬೇರೆ ಬೇರೆ ಕಡೆ ಜಾಗ ಹಿಡಿದಿಟ್ಟು, ಕೊನೆಗೆ ಒಂದಕ್ಕೆ ಮಾತ್ರ ಹೋಗುವ ಚತುರರಿದ್ದಾರೆ. ಎಲೆ ಹಾಕಿಸಿ ಪಂಕ್ತಿಗೆ ಬಾರದವನನ್ನು ನಮ್ಮೂರುಗಳಲ್ಲಿ ಏನೆಂದು ಕರೆಯುತ್ತಾರೆಂಬುದು ಅವರಿಗೂ ಗೊತ್ತಿದೆ. ಬೇಡವಾದುದನ್ನು ಎರಡು ಗಂಟೆಯ ಗಡುವಿಗೆ ಕಾಯದೆ, ಬೇಡವೆನಿಸಿದ ಕ್ಷಣದಲ್ಲಿಯೇ ಬಿಟ್ಟುಕೊಟ್ಟರೆ, ಬಿಸಿಲಿನಲ್ಲಿ ಮೊಬೈಲು ಹಿಡಿದು ನಿಂತ ಇನ್ನಾವುದೋ ಅಜ್ಜಿಗೆ ಅದು ದಕ್ಕುತ್ತದೆ.

ಇಷ್ಟಾದರೂ ಮೇಜು ದೊರೆಯದ ದಿನಗಳಿರುತ್ತವೆ. ಆಗ, ಮೊಬೈಲಿನಲ್ಲಿಯೇ ತಿಂಡಿಯನ್ನು ಹೇಳಿ ಕಿಟಕಿಯಲ್ಲಿ ಪಡೆಯುವ ಉಪಾಹಾರ ಮಂದಿರಗಳಿವೆ. ಅವುಗಳಿಗೆ ಮೇಜನ್ನು ಕಾದಿರಿಸುವ ಗೊಡವೆಯಿಲ್ಲ. ಮನೆಯ ತಿಂಡಿಯನ್ನು ಉದ್ಯಾನಗಳ ಒಳಗೆ ಒಯ್ಯುವುದಕ್ಕೂ ಅಡ್ಡಿಯಿಲ್ಲವೆಂಬುದು ಬಹುಮಂದಿಗೆ ತಿಳಿಯದು. ಗಾಜಿನ ಪಾತ್ರೆ ಕೂಡದು, ಬಿಸಿಮಾಡಬೇಕಾದ ಪದಾರ್ಥ ಕೂಡದು, ಮದ್ಯ ಕೂಡದು. ಚಪಾತಿ, ಚಟ್ನಿಪುಡಿ, ಒಗ್ಗರಣೆಯ ಅವಲಕ್ಕಿ ಈ ಮೂರು ನಿಷೇಧಗಳಲ್ಲಿ ಯಾವುದಕ್ಕೂ ಸಿಕ್ಕುವುದಿಲ್ಲ.